ಪ್ರಯಾಣಿಕರು ಹೆಚ್ಚಿದರೆ ಕಾಯುವ ಹೊತ್ತು ಇಳಿಯುತ್ತದೆಯೇ? ಮೈಸೂರು ನಗರ ಸಾರಿಗೆಯ ಹಿನ್ನೆಲೆಯಲ್ಲಿ ಮೋರಿಂಗ್ ವಾದದ ಮರುಪರಿಶೀಲನೆ

ಬಸ್ಸಿಗೆ ಸರ್ಕಾರ ಏಕೆ ಹಣ ಕೊಡಬೇಕು ಎಂಬ ಪ್ರಶ್ನೆಗೆ ಸಾರಿಗೆ ಅರ್ಥಶಾಸ್ತ್ರದಲ್ಲಿ ಸಿಗುವ ಅತ್ಯಂತ ಗಟ್ಟಿ ಉತ್ತರ ಮಿನ್ನೆಸೋಟ ವಿಶ್ವವಿದ್ಯಾಲಯದ ಹರ್ಬರ್ಟ್ ಮೋರಿಂಗ್ 1972ರಲ್ಲಿ ಪ್ರಕಟಿಸಿದ ಪ್ರಬಂಧದ್ದು. ಒಂದು ಮಾರ್ಗದಲ್ಲಿ ಪ್ರಯಾಣಿಕರು ಹೆಚ್ಚಿದಂತೆ ಸಂಸ್ಥೆ ಹೆಚ್ಚು ಬಸ್ಸು ಬಿಡುತ್ತದೆ, ಬಸ್ಸುಗಳ ನಡುವಿನ ಅಂತರ ತಗ್ಗುತ್ತದೆ, ಮೊದಲಿನಿಂದ ಬರುತ್ತಿದ್ದವರಿಗೂ ಕಾಯುವ ಹೊತ್ತು ಉಳಿಯುತ್ತದೆ. ಹೊಸದಾಗಿ ಬಂದವನು ಹಳಬರಿಗೆ ಮಾಡುವ ಈ ಉಪಕಾರ ಅವನ ಟಿಕೆಟ್ಟಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಟಿಕೆಟ್ ದರ ಪೂರ್ಣ ವೆಚ್ಚಕ್ಕಿಂತ ಕಡಿಮೆ ಇರಬೇಕು, ವ್ಯತ್ಯಾಸವನ್ನು ಬೊಕ್ಕಸ ತುಂಬಬೇಕು. ಇದರ ಸರಳ ರೂಪವೇ ವರ್ಗಮೂಲ ನಿಯಮ: ಪ್ರಯಾಣಿಕರು ಎರಡರಷ್ಟಾದರೆ ಟ್ರಿಪ್ಪುಗಳು ಸುಮಾರು ಶೇ. 41ರಷ್ಟು ಹೆಚ್ಚಬೇಕು, ಆಗ ಸರಾಸರಿ ಕಾಯುವಿಕೆ ಶೇ. 29ರಷ್ಟು ಇಳಿಯುತ್ತದೆ.

ಮುಂದಿನ ಚರ್ಚೆಯನ್ನು ಬೇಗ ಹೇಳಿಬಿಡಬಹುದು. 1980ರಲ್ಲಿ ಯಾನ್ಸನ್ ಬಸ್ಸಿನ ಗಾತ್ರವನ್ನೂ ಈ ಲೆಕ್ಕಕ್ಕೆ ಸೇರಿಸಿದರು. 2003ರಲ್ಲಿ ಹಾರಾ-ಡಿಯಾಸ್ ಮತ್ತು ಗ್‌ಶ್ವೆಂಡರ್ ಇಂಥ ಮಾದರಿಗಳನ್ನೆಲ್ಲ ಒಂದೇ ಚೌಕಟ್ಟಿಗೆ ತಂದರು. 2008ರಲ್ಲಿ ಫಾನ್ ರೇಫೆನ್ ತಕರಾರು ಎತ್ತಿದರು: ಲಾಭ ನೋಡುವ ಏಕಸ್ವಾಮ್ಯದ ಸಂಸ್ಥೆಯೂ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬಸ್ಸು ಬಿಡುತ್ತದೆ, ಆದ್ದರಿಂದ ಮೋರಿಂಗ್ ಪರಿಣಾಮವೊಂದೇ ಸಹಾಯಧನಕ್ಕೆ ಸಮರ್ಥನೆಯಾಗದು. 2010ರಲ್ಲಿ ಬಾಸ್ಸೊ ಮತ್ತು ಹಾರಾ-ಡಿಯಾಸ್ ಇದಕ್ಕೆ ಉತ್ತರ ಕೊಟ್ಟರು. ಸಹಾಯಧನ ಬೇಕೆಂಬ ವಿಷಯದಲ್ಲಿ ನಾನು ಬಾಸ್ಸೊ ಪಕ್ಷದವನು. ನನ್ನ ಭಿನ್ನಾಭಿಪ್ರಾಯ ಇರುವುದು ಎರಡೂ ಪಕ್ಷಗಳು ಚರ್ಚೆಯಿಲ್ಲದೆ ಒಪ್ಪಿಕೊಂಡ ಒಂದು ನಂಬಿಕೆಯ ಬಗ್ಗೆ: ಎಷ್ಟು ಬಸ್ಸು ಓಡಬೇಕೆಂದು ತೀರ್ಮಾನಿಸುವ ಕೈ ಮತ್ತು ಪ್ರಯಾಣಿಕರನ್ನು ಎಣಿಸುವ ಕೈ ಒಂದೇ ಎಂಬುದು.

ಮೈಸೂರಿನಲ್ಲಿ ಅವು ಎರಡು ಬೇರೆ ಕೈಗಳು. ಬೆಂಗಳೂರಿಗೆ 1997ರಿಂದ ಬಿಎಂಟಿಸಿ ಎಂಬ ಪ್ರತ್ಯೇಕ ನಿಗಮವಿದೆ. ಮೈಸೂರಿನ ನಗರ ಸಾರಿಗೆ ಕೆಎಸ್ಆರ್‌ಟಿಸಿಯ ಒಂದು ವಿಭಾಗವಾಗಿಯೇ ಉಳಿದಿದೆ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1961ರ ಆಗಸ್ಟ್‌ನಲ್ಲಿ ನಿಗಮವಾಯಿತು. ಅಂದಿನಿಂದಲೂ ಬಸ್ಸು ಖರೀದಿಯ ತೀರ್ಮಾನ ಬೆಂಗಳೂರಿನ ಕೇಂದ್ರ ಕಚೇರಿಯದು. ನಗರಕ್ಕೆ ಹೊಸ ಬಸ್ಸುಗಳು ದೊಡ್ಡ ಸಂಖ್ಯೆಯಲ್ಲಿ ಬರುವುದು ಯೋಜನೆಗಳ ಮೂಲಕ. ಜೆ-ನರ್ಮ್ ಎಂಬ ನಗರ ನವೀಕರಣ ಯೋಜನೆಯ ಕಾಲದಲ್ಲಿ ಕೇಂದ್ರದ ನೆರವಿನಿಂದ ಬಂದವು ಒಂದು ಕಂತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ದೇಶಕ್ಕೆ 10,000 ವಿದ್ಯುತ್ ಬಸ್ಸುಗಳ ಪಿಎಂ ಇ-ಬಸ್ ಸೇವಾ ಯೋಜನೆಯದು ಇನ್ನೊಂದು ದಾರಿ. ಎರಡು ಕಂತುಗಳ ನಡುವೆ ಡಿಪೋ ಮ್ಯಾನೇಜರ್ ಕೈಯಲ್ಲಿರುವುದು ಇದ್ದ ಬಸ್ಸುಗಳನ್ನೇ ಒಂದು ಮಾರ್ಗದಿಂದ ಇನ್ನೊಂದಕ್ಕೆ ಎತ್ತಿ ಹಾಕುವ ಅಧಿಕಾರ ಮಾತ್ರ.

ಶಕ್ತಿ ಯೋಜನೆ ಈ ಬಿರುಕನ್ನು ಎದ್ದು ಕಾಣುವಂತೆ ಮಾಡಿತು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ನಾಲ್ಕೂ ನಿಗಮಗಳು ಸೇರಿ ಕೊಟ್ಟ ಶೂನ್ಯ ಟಿಕೆಟ್ಟುಗಳ ಸಂಖ್ಯೆ 2025ರ ಜುಲೈನಲ್ಲಿ 500 ಕೋಟಿ ಮುಟ್ಟಿತು. ದರ ಇಳಿದರೆ ಪ್ರಯಾಣಿಕರು ಹೆಚ್ಚುತ್ತಾರೆ ಎಂಬ ಮೋರಿಂಗ್ ವಾದದ ಮೊದಲರ್ಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ಸಿಗುವುದು ಕಷ್ಟ. ಎರಡನೆಯ ಅರ್ಧದ ಕಥೆ ಬೇರೆ. ಶೂನ್ಯ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಭರಿಸುತ್ತದೆ, ಅಂದರೆ ಪ್ರಯಾಣಿಕಳಿಗೆ ಶೂನ್ಯವಾದದ್ದು ನಿಗಮದ ಪುಸ್ತಕದಲ್ಲಿ ಶೂನ್ಯವಲ್ಲ. ಆದರೆ ಈ ಹಣ ನಡೆಯುವುದು ಸಂಬಳ, ಡೀಸೆಲ್ಲಿನ ದಾರಿಯಲ್ಲಿ, ಬಸ್ಸು ಕೊಳ್ಳುವ ಹಣ ಬೇರೆ ಲೆಕ್ಕ ಶೀರ್ಷಿಕೆಯಲ್ಲಿ. ಒಂದು ಶೀರ್ಷಿಕೆ ದಿನದಿನಕ್ಕೆ ಉಬ್ಬುವಾಗ ಇನ್ನೊಂದು ಅದೇ ವೇಗದಲ್ಲಿ ಉಬ್ಬಬೇಕೆಂಬ ನಿಯಮ ಎಲ್ಲೂ ಇಲ್ಲ.

ಬಸ್ಸು ಅಷ್ಟೇ ಇದ್ದು ಪ್ರಯಾಣಿಕರು ಹೆಚ್ಚಿದರೆ ಏನಾಗುತ್ತದೆ? ನೂಕುನುಗ್ಗಲಾಗುತ್ತದೆ ಅಷ್ಟೆ, ಕಾಯುವ ಹೊತ್ತು ಇದ್ದಷ್ಟೇ ಇರುತ್ತದೆ ಎಂಬುದು ಸುಲಭದ ಉತ್ತರ. ಅದು ಸಾಲದು ಎಂಬುದು ನನ್ನ ವಾದ. ಕಾಯುವ ಹೊತ್ತೇ ಬೆಳೆಯುತ್ತದೆ. ಅದು ಬೆಳೆಯುವುದು ಸರಾಸರಿ ಅಂತರದ ಮೂಲಕವಲ್ಲ, ಅಂತರದ ಏರುಪೇರಿನ ಮೂಲಕ.

ಲೆಕ್ಕಕ್ಕೆ ಒಂದು ಕಲ್ಪಿತ ಮಾರ್ಗ ತೆಗೆದುಕೊಳ್ಳೋಣ. ನಗರ ಬಸ್ ನಿಲ್ದಾಣದಿಂದ ಬಡಾವಣೆಯೊಂದಕ್ಕೆ ಹೋಗಿ ಬರಲು 80 ನಿಮಿಷ ಓಟ, ಎರಡೂ ತುದಿಯಲ್ಲಿ ಐದೈದು ನಿಮಿಷ ನಿಲುಗಡೆ, ಒಟ್ಟು 90 ನಿಮಿಷ. ಒಂಬತ್ತು ಬಸ್ಸುಗಳಿದ್ದರೆ ಹತ್ತು ನಿಮಿಷಕ್ಕೊಂದು ಬಸ್ಸು. ಒಂದು ಸುತ್ತಿಗೆ 150 ಮಂದಿ ಹತ್ತುತ್ತಿದ್ದಲ್ಲಿ 210 ಮಂದಿ ಹತ್ತುತ್ತಾರೆ ಎನ್ನಿ. ತಲೆಗೆ ಮೂರು ಸೆಕೆಂಡಿನಂತೆ 60 ಮಂದಿಗೆ ಮೂರು ನಿಮಿಷ. ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಬಿದ್ದುಹೋಗುತ್ತದೆ: 90 ನಿಮಿಷದಲ್ಲಿ ಮೂರು ನಿಮಿಷ ಯಾರ ಗಮನಕ್ಕೂ ಬರುವಂಥದ್ದಲ್ಲ.

ಆದರೆ ಬಾಗಿಲಲ್ಲಿ ಹತ್ತುವ ಹೊತ್ತು ಒಂದು ಪಾಲು ಮಾತ್ರ. ಸಂಜೆ ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಏನು ಮಾಡುತ್ತಾರೆಂದು ನೋಡಬೇಕು. ಶೂನ್ಯ ಟಿಕೆಟ್ಟಿಗೂ ಇಟಿಎಂ ಯಂತ್ರದಲ್ಲಿ ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಒತ್ತಲೇಬೇಕು, ಗುರುತಿನ ಚೀಟಿ ನೋಡಬೇಕು, ಚೀಟಿ ಹರಿದು ಕೊಡಬೇಕು. ಮುಂದಿನ ಸ್ಟೇಜು ದಾಟುವುದರೊಳಗೆ ಎಲ್ಲರ ಕೈಯಲ್ಲೂ ಟಿಕೆಟ್ ಇರದಿದ್ದರೆ, ತನಿಖಾ ದಳ ಹತ್ತಿದಾಗ ವರದಿ ಬೀಳುವುದು ಕಂಡಕ್ಟರ್ ಮೇಲೆ. ಮೈ ತೂರಿಸಲಾಗದಷ್ಟು ಜನರಿದ್ದಾಗ ಸೀಟಿ ಹೊಡೆದು ಗಾಡಿಯನ್ನು ರಸ್ತೆ ಬದಿಗೆ ಹಾಕಿಸಿ, ಟಿಕೆಟ್ ಮುಗಿಸಿ, ಆಮೇಲೆ ರೈಟ್ ಹೇಳುವುದು ಈ ಭಯದಿಂದಲೇ. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ, ಒಂದೊಂದು ನಿಮಿಷವೆಂದರೂ ನಾಲ್ಕು ನಿಮಿಷ. ಅಲ್ಲಿಗೆ ಒಟ್ಟು ಏಳು.

ಹತ್ತು ನಿಮಿಷದ ನಿಲುಗಡೆಯಲ್ಲಿ ಈಗ ಮೂರೇ ಉಳಿಯಿತು. ಸರಾಸರಿ ಅಂತರ ಇನ್ನೂ ಹತ್ತು ನಿಮಿಷವೇ. ಆದರೆ ಆ ನಿಲುಗಡೆ ಇದ್ದದ್ದು ಚಾಲಕರ ಚಹಾಕ್ಕೆ ಮಾತ್ರವಲ್ಲ, ದಾರಿಯ ವಿಳಂಬ ಮುಂದಿನ ಟ್ರಿಪ್ಪಿಗೆ ಹರಿಯದಂತೆ ತಡೆಯುವುದಕ್ಕೂ. ಅದು ಕರಗಿದ ಮೇಲೆ ಒಂದು ಸಿಗ್ನಲ್‌ನಲ್ಲಿ ಸಿಕ್ಕಿಬಿದ್ದ ಬಸ್ಸು ಇಡೀ ಸಂಜೆ ತಡವಾಗಿಯೇ ಓಡುತ್ತದೆ. ಮುಂದಿನದು ನ್ಯೂಯೆಲ್ ಮತ್ತು ಪಾಟ್ಸ್ 1964ರಲ್ಲೇ ತೋರಿಸಿದ ಸಂಗತಿ: ತಡವಾದ ಬಸ್ಸಿಗೆ ಹೆಚ್ಚು ಜನ ಕಾದಿರುತ್ತಾರೆ, ಅದು ಇನ್ನೂ ತಡವಾಗುತ್ತದೆ, ಹಿಂದಿನದು ಖಾಲಿಯಾಗಿ ಬಂದು ಅದರ ಬಾಲ ಹಿಡಿಯುತ್ತದೆ.

ಅಂತರ ಒಮ್ಮೆ 16 ನಿಮಿಷ, ಒಮ್ಮೆ 4 ನಿಮಿಷ ಆಯಿತೆನ್ನಿ. ಸರಾಸರಿ ಈಗಲೂ ಹತ್ತೇ. ಆದರೆ ನಿಲ್ದಾಣಕ್ಕೆ ಬರುವ ಹತ್ತು ಮಂದಿಯಲ್ಲಿ ಎಂಟು ಮಂದಿ ಬರುವುದು ಆ ದೊಡ್ಡ ಅಂತರದಲ್ಲಿ, ಅವರು ಕಾಯುವುದು ಸರಾಸರಿ ಎಂಟು ನಿಮಿಷ. ಉಳಿದ ಇಬ್ಬರು ಎರಡು ನಿಮಿಷ. ಒಟ್ಟು ಸರಾಸರಿ ಐದರಿಂದ 6.8 ನಿಮಿಷಕ್ಕೆ ಏರಿತು. ಎರಡು ಬಸ್ಸು ಅಂಟಿಕೊಂಡೇ ಓಡಿದರೆ ಹತ್ತು ನಿಮಿಷ, ಅಂದರೆ ಒಂಬತ್ತು ಬಸ್ಸುಗಳಿಗೆ ನಾಲ್ಕೂವರೆ ಬಸ್ಸಿನ ಬೆಲೆ. ಏರುಪೇರನ್ನು ಹಾಗೇ ಬಿಟ್ಟು ಬಸ್ಸು ಸೇರಿಸಿಯೇ 6.8 ನಿಮಿಷವನ್ನು ಐದಕ್ಕೆ ಇಳಿಸಬೇಕಾದರೆ ಒಂಬತ್ತರ ಬದಲು ಹನ್ನೆರಡೂ ಸಾಲದು, ಹದಿಮೂರು ಬೇಕು.

ನಿಗಮದ ಅಳತೆಗೋಲುಗಳಲ್ಲಿ ಇದು ಕಾಣುವುದಿಲ್ಲ. ಟ್ರಿಪ್ಪಿನ ಯೋಗ್ಯತೆ ನಿರ್ಧರಿಸುವ ಇಪಿಕೆಎಂ, ಅಂದರೆ ಕಿಲೋಮೀಟರ್‌ವಾರು ಗಳಿಕೆ, 16 ನಿಮಿಷದ ಅಂತರದ ಹಿಂದೆ ಬಂದು ತುಂಬಿ ತುಳುಕಿದ ಬಸ್ಸಿಗೆ ಅತಿ ಹೆಚ್ಚು ಬರುತ್ತದೆ. ಶೂನ್ಯ ಟಿಕೆಟ್ಟಿನ ಮೌಲ್ಯವನ್ನೂ ಸೇರಿಸಿದರಂತೂ ಅದೇ ಮಾದರಿ ಟ್ರಿಪ್ಪು. ಓಟದ ವೇಳೆಯನ್ನು ಬರೆದಿಟ್ಟ ಫಾರಂ-4ನ್ನು ಜನ ಹೆಚ್ಚಿದ ಮೇಲೂ ತಿದ್ದದಿದ್ದರೆ ವ್ಯತ್ಯಾಸ ತುಂಬುವುದು ಸಿಬ್ಬಂದಿಯ ವಿಶ್ರಾಂತಿಯಿಂದ. ಅದೂ ಮುಗಿದಾಗ ಕೊನೆಯ ಟ್ರಿಪ್ ಕಟ್ ಆಗುತ್ತದೆ.

ಹೀಗಾಗಿ ನನ್ನ ಮುಖ್ಯ ಪ್ರತಿಪಾದನೆ ಇದು: ಬಸ್ಸುಗಳ ಸಂಖ್ಯೆ ಸ್ಥಿರವಾಗಿರುವ ಮಧ್ಯಮ ಗಾತ್ರದ ನಗರದಲ್ಲಿ ಮೋರಿಂಗ್ ಪರಿಣಾಮ ತಲೆಕೆಳಗಾಗಬಹುದು, ಹೊಸ ಪ್ರಯಾಣಿಕ ಹಳಬರ ಕಾಯುವಿಕೆಯನ್ನು ಹೆಚ್ಚಿಸಬಹುದು. 'ಬಹುದು' ಎಂಬುದನ್ನು ಬೇಕೆಂದೇ ಬಳಸಿದ್ದೇನೆ. ಒಂದನೆಯದಾಗಿ, ಇದು ಬೆಳಗಿನ ಮತ್ತು ಸಂಜೆಯ ದಟ್ಟಣೆಗೆ ಸಲ್ಲುವ ಮಾತು. ಮಧ್ಯಾಹ್ನ ಖಾಲಿ ಸೀಟಿನಲ್ಲಿ ಕುಳಿತು ಆಸ್ಪತ್ರೆಗೋ ತವರಿಗೋ ಹೋಗುವ ಹೆಂಗಸು ಯಾರ ಹೊತ್ತನ್ನೂ ಕಳೆಯುವುದಿಲ್ಲ, ಶಕ್ತಿಯ ದೊಡ್ಡ ಗಳಿಕೆ ಅಂಥ ಪ್ರಯಾಣಗಳಲ್ಲೇ ಇದ್ದೀತು. ಎರಡನೆಯದಾಗಿ, ಜನ ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಬರುವ ಮಾರ್ಗಗಳಿಗೆ ಮಾತ್ರ ಈ ಲೆಕ್ಕ ಹೊಂದುತ್ತದೆ. ನಗರದ ಅಂಚಿನ ಹಳ್ಳಿಯಲ್ಲಿ ಎಂಟೂವರೆ ಬಸ್ಸು ಎಂದರೆ ಎಲ್ಲರಿಗೂ ಗೊತ್ತು, ಅಲ್ಲಿ ಯಾರೂ ಅರ್ಧ ಅಂತರ ಕಾಯುವುದಿಲ್ಲ. ಅವರಿಗೆ ಬಸ್ಸು ತಪ್ಪುವುದೇ ನಷ್ಟ. ಮೂರನೆಯದು ನನ್ನ ವಾದಕ್ಕೆ ಎಲ್ಲಕ್ಕಿಂತ ತೊಡಕಿನದು. ಮೈಸೂರಿನ ಮಾರ್ಗಗಳು ಅರಮನೆ ಪಕ್ಕದ ನಗರ ಬಸ್ ನಿಲ್ದಾಣದಿಂದ ಕೊಡೆಯ ಕಡ್ಡಿಗಳಂತೆ ಹೊರಡುತ್ತವೆ, ಮೊದಲ ಒಂದೆರಡು ಕಿಲೋಮೀಟರ್ ಹಲವು ಮಾರ್ಗಗಳಿಗೆ ಒಂದೇ ರಸ್ತೆ. ರಾಮಸ್ವಾಮಿ ವೃತ್ತದಲ್ಲಿ ನಿಂತು ಸರಸ್ವತಿಪುರಕ್ಕೆ ಹೋಗುವವರಿಗೆ ಯಾವ ನಂಬರಿನ ಬಸ್ಸಾದರೂ ಆದೀತು. ಹಲವು ಮಾರ್ಗಗಳ ಏರುಪೇರು ಅಲ್ಲಿ ಒಂದರೊಳಗೊಂದು ಅಡಗುತ್ತದೆ. ಮಾರ್ಗಗಳು ಕವಲೊಡೆದ ಮೇಲೆ, ಮುಖ್ಯವಾಗಿ ವರ್ತುಲ ರಸ್ತೆಯ ಆಸುಪಾಸಿನ ಹೊಸ ಬಡಾವಣೆಗಳಲ್ಲಿ, ನನ್ನ ಲೆಕ್ಕಕ್ಕೆ ಬಲ ಬರುತ್ತದೆ.

ಇದು ಉಚಿತ ಪ್ರಯಾಣದ ವಿರುದ್ಧದ ವಾದವಲ್ಲ. ಹಾಗೆ ಓದುವವರು ಇದ್ದೇ ಇರುತ್ತಾರೆ, ಅವರಿಗೆ ಹೇಳುವುದಿಷ್ಟೆ: ತಪ್ಪು ಹತ್ತುವವರದಲ್ಲ, ಟ್ರಿಪ್ಪು ಹೆಚ್ಚಿಸುವ ಸನ್ನೆಗೋಲು ನಗರದ ಕೈಯಲ್ಲಿಲ್ಲದಿರುವುದೇ ತಪ್ಪು. ಆ ಸನ್ನೆಗೋಲು ಬರುವ ತನಕ ಇನ್ನೊಂದು ಸಾಧನವಿದೆ. ವಿಶ್ವಬ್ಯಾಂಕ್ ನೆರವಿನಿಂದ 2012ರಲ್ಲಿ ಮೈಸೂರಿನಲ್ಲಿ ಜಾರಿಗೆ ಬಂದ 'ಮಿತ್ರ' ವ್ಯವಸ್ಥೆಯಡಿ ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಹಾಕಿ, ನಿಯಂತ್ರಣ ಕೊಠಡಿ ತೆರೆಯಲಾಯಿತು. ಸಾರ್ವಜನಿಕ ಚರ್ಚೆಯಲ್ಲಿ ಅದನ್ನು ನಿಲ್ದಾಣದ ಫಲಕದಲ್ಲಿ ಬಸ್ಸು ಬರುವ ವೇಳೆ ತೋರಿಸುವ ಏರ್ಪಾಡು ಎಂದೇ ನೋಡಲಾಯಿತು. ಅದರ ಹೆಚ್ಚಿನ ಬೆಲೆ ಇದ್ದದ್ದು ಬೇರೆಡೆ ಎಂದು ನನಗನಿಸುತ್ತದೆ: ಮುಂದಿನ ಬಸ್ಸನ್ನು ಎರಡು ನಿಮಿಷ ತಡೆದು ಬಿಡಿ ಎಂದು ಸಂಚಾರ ನಿಯಂತ್ರಕರಿಗೆ ಹೇಳುವುದರಲ್ಲಿ. ಹಾಗೆ ಹಿಡಿದು ಬಿಟ್ಟರೆ ಮೇಲಿನ ಉದಾಹರಣೆಯ ನಾಲ್ಕು ಬಸ್ಸುಗಳ ಕೆಲಸ ಬಸ್ಸು ಕೊಳ್ಳದೆಯೇ ಬಹುಪಾಲು ಆದೀತು. ಆದರೆ ತಡೆಯುವುದಕ್ಕೂ ನಿಲುಗಡೆಯ ವೇಳೆ ಬೇಕು, ಅಂದರೆ ಮೊದಲು ಫಾರಂ-4 ತಿದ್ದಬೇಕು, ತಿದ್ದಿದರೆ ಅಷ್ಟೇ ಬಸ್ಸುಗಳಲ್ಲಿ ಟ್ರಿಪ್ಪುಗಳು ಒಂದಿಷ್ಟು ಕಡಿಮೆಯಾಗುತ್ತವೆ. ಕಡಿಮೆ ಟ್ರಿಪ್ಪು, ಸಮ ಅಂತರ. ಹೆಚ್ಚು ಟ್ರಿಪ್ಪು, ಏರುಪೇರು: ಇವೆರಡರ ನಡುವೆ ಗೆರೆ ಎಲ್ಲಿ ಬೀಳಬೇಕೆಂಬುದು ಮಾರ್ಗದಿಂದ ಮಾರ್ಗಕ್ಕೆ ಬದಲಾಗುವ ಪ್ರಶ್ನೆ.

ಅದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ನಿಗಮದ ಒಳಗೇ ಹುಟ್ಟುತ್ತಿದೆ. ಪ್ರತಿ ಶೂನ್ಯ ಟಿಕೆಟ್ಟೂ ವೇಳೆ, ಮಾರ್ಗ ಮತ್ತು ಎರಡು ಸ್ಟೇಜುಗಳ ದಾಖಲೆ. ಅದನ್ನು ಬಸ್ಸಿನ ಜಿಪಿಎಸ್ ಜಾಡಿನೊಂದಿಗೆ ಜೋಡಿಸಿದರೆ ಎಷ್ಟು ಜನ ಹತ್ತಿದಾಗ ಎಷ್ಟು ನಿಲುಗಡೆ ಕರಗುತ್ತದೆ ಎಂಬುದನ್ನು ಕಲ್ಪಿತ ಮಾರ್ಗದ ಹಂಗಿಲ್ಲದೆ ಅಳೆಯಬಹುದು. ಆದರೆ ಹತ್ತಿದವರ ಲೆಕ್ಕವಷ್ಟೇ ಟಿಕೆಟ್ಟಿನಲ್ಲಿರುತ್ತದೆ. ಎರಡು ತುಂಬಿದ ಬಸ್ಸು ಬಿಟ್ಟು ಬೇಸತ್ತು ಆಟೋ ಹಿಡಿದವರು, ಕಂತಿನ ಮೇಲೆ ಸ್ಕೂಟರ್ ಕೊಂಡವರು ಆ ದಾಖಲೆಯಲ್ಲಿ ಇರುವುದಿಲ್ಲ, ಅವರಿಗಾಗಿ ನಿಲ್ದಾಣಗಳಲ್ಲಿ ಬೇರೆಯೇ ಸಮೀಕ್ಷೆ ಆಗಬೇಕು.