ಆಸ್ರಿಗೆ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಬಂದು ಕಾನಸೂರಿನಲ್ಲಿ ಇಳಿದು, ಗುರುತಿನವರ ಯಾರದೇ ಮನೆಯ ಜಗಲಿ ಹತ್ತಿ. ಮೊದಲು ಕಿವಿಗೆ ಬೀಳುವ ಮಾತು ಇದು: 'ಆಸ್ರಿಗೆ ಎಂತ ಬೇಕು?' ಯಾಕೆ ಬಂದಿರಿ, ಯಾವಾಗ ಹೊರಟಿರಿ ಎಂಬುದೆಲ್ಲ ಆಮೇಲೆ. ಒಳಗಿನಿಂದ ಬೆಲ್ಲ-ನೀರು ಬರಬಹುದು, ಮಜ್ಜಿಗೆ ಬರಬಹುದು. ಮಳೆಗಾಲವಾದರೆ ಕೊತ್ತಂಬರಿ-ಜೀರಿಗೆಯ ಕಷಾಯ, ಬಿಸಿಲುಕಾಲವಾದರೆ ಮುರುಗಲ ಹಣ್ಣಿನ ಪಾನಕ. ಅದು ಮುಗಿದ ಮೇಲೆ ಕವಳದ ತಟ್ಟೆ. ಮಾತುಕತೆ ಶುರುವಾಗುವುದು ಅಲ್ಲಿಂದ.

ಈ ಪದದ ಗುಟ್ಟು ಅದರ ವಿಭಕ್ತಿಯಲ್ಲಿದೆ. ಆಸ್ರಿಗೆ ಎಂದರೆ ಆಸರಿಗೆ, ಆಸರು ಎಂಬುದಕ್ಕೆ. ದಕ್ಷಿಣ ಕನ್ನಡದ ಹವ್ಯಕರ ಬಾಯಲ್ಲಿ ಇದೇ 'ಆಸರಿಂಗೆ' ಆಗಿದೆ. ಕೊಡುವ ವಸ್ತು ಹಾಲೋ ನೀರೋ ಚಹವೋ ಎಂಬುದು ಪದದಲ್ಲಿ ಇಲ್ಲವೇ ಇಲ್ಲ. ಯಾವುದಕ್ಕಾಗಿ ಕೊಡುವುದು ಎಂಬುದಷ್ಟೇ ಉಳಿದಿದೆ. ಆಸರು ಅಂದರೆ ದಣಿವು, ಬಳಲಿಕೆ. ಅದರ ಬೆನ್ನಿಗೇ ಬರುವ ಬಾಯಾರಿಕೆಯೂ ಹೌದು. ಹಳಗನ್ನಡದಲ್ಲಿ ಅದು 'ಆಸಱು', ಈಗ ಬರವಣಿಗೆಯಿಂದ ಮರೆಯಾಗಿರುವ ಶಕಟರೇಫದೊಂದಿಗೆ. ಉತ್ತರ ಕರ್ನಾಟಕದವರು 'ಆಸರ ಬ್ಯಾಸರ' ಎಂದು ಜೋಡಿಯಾಗಿ ಇವತ್ತಿಗೂ ಆಡುತ್ತಾರೆ. ಆಸರೆ ಬೇರೆ ಪದ. ಅದು ಸಂಸ್ಕೃತದ ಆಶ್ರಯದಿಂದ ಇಳಿದು ಬಂದದ್ದು. ಹುಟ್ಟು ಬೇರೆಯಾದರೂ ಕನ್ನಡದ ಮನೆಯಲ್ಲಿ ಎರಡೂ ಅಕ್ಕಪಕ್ಕ ಬಾಳುತ್ತಿವೆ. ಒಂದು ಕಾಯಿಲೆ, ಇನ್ನೊಂದು ಮದ್ದು.

ಕಿಟೆಲ್ ನಿಘಂಟಿನಲ್ಲಿ ಈ ಆಸಱು ಇದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ, ಮಂಗಳೂರಿನಲ್ಲಿ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುವಾರ್ತೆ ಸಾರಲು ಬಂದವರು ನಾಲ್ಕು ದಶಕದ ನಂತರ ಕನ್ನಡಿಗರ ಕೈಗಿಟ್ಟದ್ದು ಕನ್ನಡಿಗರದೇ ಮಾತುಗಳನ್ನು. ಊರಿನ ಪಂಡಿತರು ಜೊತೆಗೆ ಕೂತು ಅರ್ಥ ಬಿಡಿಸಿ ಹೇಳದೆ ಆ ಕೆಲಸ ಮುಗಿಯುತ್ತಿರಲಿಲ್ಲ. ಇಂಥ ನಿಷ್ಠೆಯನ್ನು ನಾನು ಸಾಕ್ಷಿ ಎಂದೇ ಕರೆಯುತ್ತೇನೆ.

ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಅಪ್ಪ ಕಾನಸೂರಿನ ಕಡೆ ಮಾಸ್ತರಾಗಿದ್ದರು. ಭಾನುವಾರದ ಪೂಜೆಗೆ ಶಿರಸಿಗೇ ಹೋಗಬೇಕು, ಬಸ್ಸು ತಪ್ಪಿದರೆ ಆ ವಾರ ಪೂಜೆಯೂ ತಪ್ಪಿದಂತೆ. ಅಪ್ಪ ಹಾಸಿಗೆ ಹಿಡಿದ ವರ್ಷ ಅಮ್ಮನಿಗೆ ಅದೂ ಇಲ್ಲವಾಯಿತು. ಮಳೆ ಹಿಡಿದು ಹೊಯ್ಯುತ್ತಿತ್ತು. ಜಪಸರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಮ್ಮ ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ಪ್ರಾರ್ಥನೆ ಎಂದರೆ ಮುಖ ತಿರುಗಿಸುತ್ತಿದ್ದಳು. ಆಗ ತೋಟದಾಚೆಯ ಹವ್ಯಕರ ಮನೆಯ ಅಮ್ಮ ದಿನಾ ನಾಲ್ಕು ಗಂಟೆಗೆ, ಕಂಬಳಿಕೊಪ್ಪೆ ಹೊದ್ದು, ಸಂಕ ದಾಟಿ, ಮುಚ್ಚಿದ ತಂಬಿಗೆ ಹಿಡಿದು ಬರುತ್ತಿದ್ದರು. 'ತಂಗಿ, ಆಸ್ರಿಗೆ ತಂದೆ. ಬಿಸಿ ಇದ್ದಾಗಲೇ ಕುಡಿ.' ಅಷ್ಟೇ ಮಾತು. ಅಮ್ಮ ಕುಡಿಯುವಾಗ ಅಪ್ಪನ ಕಾಲ ಬಳಿ ಕೂತು ಹೊದಿಕೆ ಸರಿ ಮಾಡುತ್ತಿದ್ದರು. ದೇವರ ಸುದ್ದಿ ಎತ್ತಿದ್ದು ನನಗೆ ನೆನಪಿಲ್ಲ.

ತಿಂಗಳ ಮೊದಲ ಶುಕ್ರವಾರ ಶಿರಸಿಯಿಂದ ಫಾದರ್ ಬರುತ್ತಿದ್ದರು, ನಡೆಯಲಾಗದ ಅಪ್ಪನಿಗೆ ಪರಮಪ್ರಸಾದ ಕೊಡಲು. ಒಂದು ಶುಕ್ರವಾರ ರಸ್ತೆಗೆ ಮರ ಬಿದ್ದು, ನೆನೆದು ತೊಪ್ಪೆಯಾಗಿ, ಕತ್ತಲಾದ ಮೇಲೆ ಬಂದರು. ಆ ಹೊತ್ತಿಗೂ ತೋಟದಾಚೆಯಿಂದ ತಂಬಿಗೆ ಬಂತು. ಆ ರಾತ್ರಿ ಅಮ್ಮ ಜಪಸರವನ್ನು ಮೊಳೆಯಿಂದ ತೆಗೆದಳು. ಯಾಕೆಂದು ನಾವು ಕೇಳಲಿಲ್ಲ. ಬಹಳ ವರ್ಷಗಳ ಮೇಲೆ ತಾನಾಗಿಯೇ ಹೇಳಿದಳು: ಇಬ್ಬರು ಇಷ್ಟು ಮಳೆಯಲ್ಲೂ ತಪ್ಪದೆ ಬರುವಾಗ ಕಳಿಸಿದವನು ನಮ್ಮನ್ನು ಮರೆತಿದ್ದಾನೆ ಅನ್ನಲಿಕ್ಕೆ ಬಾಯಿ ಬರಲಿಲ್ಲ ಎಂದು.

ಹೀಗೆ ಬಳಲಿದವರಿಗೆ ಬಲ ತುಂಬುವುದಕ್ಕೆ ಅಚ್ಚಿನ ಕನ್ನಡದಲ್ಲಿ ನಾವು ಬಳಸುವುದು 'ಪ್ರೋತ್ಸಾಹ', 'ಉತ್ತೇಜನ'. ಬಹುಮಾನದ ಪತ್ರದಲ್ಲಿ, ಸರ್ಕಾರದ ಪ್ರೋತ್ಸಾಹಧನದಲ್ಲಿ ಅವು ಚೆನ್ನ. ಓಡುವವನನ್ನು ಇನ್ನಷ್ಟು ಓಡು ಎಂದು ಹುರಿದುಂಬಿಸುವ ಮಾತುಗಳು ಅವು. ಕೂತುಬಿಟ್ಟವರ ಬಳಿ ಅವು ಸಲ್ಲುವುದಿಲ್ಲ. ಪೌಲ ಸೆರೆಮನೆಯಿಂದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಒನೇಸಿಫೊರ ಎಂಬ ಒಬ್ಬನ ಸಂಗತಿ ಬರುತ್ತದೆ. ಎಫೆಸದಲ್ಲಿ ಉಪಕಾರ ಮಾಡಿದ್ದವನು. ಪೌಲನ ಬೇಡಿಗೆ ನಾಚದೆ, ರೋಮಿನಲ್ಲಿ ಹುಡುಕಿ ಹುಡುಕಿ ಅವನನ್ನು ಕಂಡವನು. ಅವನು ಮಾಡಿದ್ದನ್ನು ಹೇಳಲು ಪೌಲ ಬಳಸಿದ ಗ್ರೀಕ್ ಕ್ರಿಯಾಪದದ ಮೂಲ ಅರ್ಥ ತಂಪುಮಾಡುವುದು, ಮತ್ತೆ ಉಸಿರಾಡುವಂತೆ ಮಾಡುವುದು. ಜೊತೆಗೆ ಇನ್ನೊಂದು ಮಾತು: ಅನೇಕ ಸಾರಿ. ಒಂದು ಸಲ ಬಂದು ಹೋದವನಲ್ಲ. ಅವನು ಏನು ಬೋಧಿಸಿದ ಎಂಬುದು ಅಲ್ಲಿ ಒಂದಕ್ಷರವೂ ಇಲ್ಲ. ಕಾನಸೂರಿನವರು ಆ ವಾಕ್ಯವನ್ನು ಅನುವಾದಿಸಿದ್ದರೆ ಒನೇಸಿಫೊರ ಆಸ್ರಿಗೆ ಕೊಟ್ಟ ಎಂದೇ ಬರೆಯುತ್ತಿದ್ದರು, ಮತ್ತು ಅದು ತಪ್ಪಾಗುತ್ತಿರಲಿಲ್ಲ.

ಯೇಸುವೂ ಆಸರು ಕಂಡವನೇ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ನಡೆದು ದಣಿದು ಯಾಕೋಬನ ಬಾವಿಯ ಬಳಿ ನಡುಹಗಲಲ್ಲಿ ಕೂತಿದ್ದಾನೆ. ನೀರು ಸೇದಲು ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ಕೇಳುತ್ತಾನೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇಲ್ಲದ ಕಾಲ. ನೀನು ನನ್ನ ಕೈಯಿಂದ ನೀರು ಕೇಳುವುದೇ ಎಂದು ಆಕೆಗೆ ಅಚ್ಚರಿ. ಈ ಜಾಗಕ್ಕೆ ಬಂದಾಗಲೆಲ್ಲ ನಾನು ತಡೆದು ನಿಲ್ಲುತ್ತೇನೆ. ಹಿಂದೆ ನಮ್ಮ ಘಟ್ಟದ ಮೇಲಿನ ಊರುಗಳಲ್ಲೂ ಆಸ್ರಿಗೆ ಎಲ್ಲರಿಗೂ ಒಂದೇ ಲೋಟದಲ್ಲಿ ಬರುತ್ತಿರಲಿಲ್ಲ. ಜಗಲಿಯ ಮೇಲಿನವರಿಗೊಂದು, ಅಂಗಳದಲ್ಲಿ ನಿಂತವರಿಗೊಂದು. ಮರ ಹತ್ತಿ ಅಡಿಕೆ ಕೊನೆ ಇಳಿಸಿ ಬಸವಳಿದ ಕೊನೆಗೌಡನಿಗೆ ಬೊಗಸೆಗೆ ಎತ್ತಿ ಹೊಯ್ದದ್ದೂ ಉಂಟು. ಪದ ದಣಿವನ್ನಷ್ಟೇ ಕೇಳುತ್ತದೆ, ಜಾತಿಯನ್ನು ಕೇಳುವುದಿಲ್ಲ, ಕೇಳಿದವರು ನಾವು. ತೋಟದಾಚೆಯ ಆ ಅಮ್ಮ ಒಂದು ಸಂಜೆ, ಉಳಿದ ಕಷಾಯವನ್ನು ನಮ್ಮ ಅಡುಗೆಮನೆಯ ಲೋಟಕ್ಕೇ ಬಗ್ಗಿಸಿಕೊಂಡು ಅಮ್ಮನ ಪಕ್ಕ ಕೂತು ಕುಡಿದರು. ಅವರ ವಯಸ್ಸಿನವರಿಗೆ, ಆ ದಿನಗಳಲ್ಲಿ, ಅದು ಸಣ್ಣ ಸಂಗತಿಯಲ್ಲ. ಅಮ್ಮ ಆ ಲೋಟವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದಳು.

ನಿಮ್ಮ ಚರ್ಚಿನಲ್ಲಿ, ನಿಮ್ಮ ಕೇರಿಯಲ್ಲಿ, ಕೆಲವು ತಿಂಗಳಿಂದ ಕಾಣಿಸಿಕೊಳ್ಳದ ಒಬ್ಬರು ಇದ್ದೇ ಇರುತ್ತಾರೆ. ಯಾಕೆ ಬರುತ್ತಿಲ್ಲ ಎಂದು ಕೇಳಲು ಹೋಗಬೇಡಿ. ಬಿಸಿಯಾಗಿ ಏನಾದರೂ ಹಿಡಿದುಕೊಂಡು ಹೋಗಿ. ಮುಂದಿನ ವಾರ ಮತ್ತೆ ಹೋಗಿ.