ಕೇಳಿದ ಹಾಡು, ಕೇಳದ ಕಥೆ

ಪುಣೆಯೆಂಬ ಒಂದು ಹೆಸರಿನೊಳಗೆ ಎರಡು ಊರುಗಳು ಅಡಗಿವೆ. ಪೇಶ್ವೆಯರ ಆಶ್ರಯದಲ್ಲಿ ಬೆಳೆದು, ವಾರಗಳ ಹೆಸರನ್ನು ಹೊತ್ತು ನಿಂತ ಪೇಟೆಗಳ ಪುಣೆ ಒಂದು. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧವು ಪೇಶ್ವೆಯರ ಪ್ರಭುತ್ವದ ಬೇರನ್ನು ಸಡಿಲಿಸಿದ ಬಳಿಕ, ಆ ಪೇಟೆಗಳ ಪೂರ್ವದಿಕ್ಕಿನ ಬಯಲಿನಲ್ಲಿ ಕಂಪನಿ ಸರ್ಕಾರದವರು ತಮ್ಮ ಸೈನ್ಯಕ್ಕಾಗಿ ಹೂಡಿದ ದಂಡಿನ ಪುಣೆ ಇನ್ನೊಂದು. ಈ ಎರಡನೆಯದನ್ನು ಜನರು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ದಂಡು ಬೀಡುಬಿಟ್ಟಲ್ಲಿ ವರ್ತಕರು ಬಂದು ನೆರೆಯುವುದು ಲೋಕರೂಢಿಯಾದ್ದರಿಂದ ಪಾರಸಿಗಳು, ಬೋಹರಾಗಳು, ಗೋವೆಯ ಕ್ರೈಸ್ತರು, ಇರಾನಿಗಳು, ಬಾಗ್ದಾದಿನ ಯೆಹೂದ್ಯರು ಇಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ನೆಲೆಸಿದರು. ಡೇವಿಡ್ ಸಸೂನರ ಔದಾರ್ಯದಿಂದ 1867ರಲ್ಲಿ ಪೂರ್ಣಗೊಂಡ, ಜನರ ಬಾಯಲ್ಲಿ ಲಾಲ್ ದೇವಳವೆಂದು ಹೆಸರಾದ ಯೆಹೂದ್ಯರ ಪ್ರಾರ್ಥನಾಮಂದಿರವೂ, 1878ರಿಂದ ನಡೆದುಬಂದಿರುವ ದೊರಾಬ್ಜಿಯವರ ಅಂಗಡಿಯೂ ಆ ಸಹವಾಸಕ್ಕೆ ಸಾಕ್ಷಿಗಳಾಗಿವೆ. ಇಲ್ಲಿಯ ಮೇನ್ ಸ್ಟ್ರೀಟು ಸ್ವಾತಂತ್ರ್ಯಾನಂತರ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಈಸ್ಟ್ ಸ್ಟ್ರೀಟಿಗೆ ಕೊಡಗಿನ ವೀರ ಜನರಲ್ ತಿಮ್ಮಯ್ಯನವರ ಹೆಸರು ಬಂದಿತು.

ಈ ಎರಡು ಊರುಗಳು ಪರಸ್ಪರ ವಿಮುಖವಾಗಿ ಬಾಳಿದುವೆಂದು ಹೇಳುವುದುಂಟು. ಆದರೆ ಒಂದು ಕಲಾಕೌಶಲದ ಮಟ್ಟಿಗೆ ಅವು ಏಕಮನಸ್ಕವಾಗಿದ್ದುವು. ಜನರ ನಾಲಗೆಯ ಮೇಲೆ ಆಗಲೇ ನಲಿದಾಡುತ್ತಿರುವ ಹಾಡುಗಳನ್ನು ಆಯ್ದುಕೊಂಡು, ಅವುಗಳ ಸುತ್ತ ಹೊಸದಾಗಿ ಕಥೆಯೊಂದನ್ನು ನೇಯುವುದೇ ಆ ಕೌಶಲ. ಪ್ರಸಿದ್ಧವಾದ ರಾಕ್ ಗೀತೆಗಳನ್ನು ಸೂತ್ರದಲ್ಲಿ ಪೋಣಿಸಿ ರಚಿಸಿದ ಇಂಗ್ಲಿಷ್ ಚಲಚ್ಚಿತ್ರಗಳನ್ನು ನೋಡಿ, ಇದು ಪಾಶ್ಚಾತ್ಯರ ಇತ್ತೀಚಿನ ಆವಿಷ್ಕಾರವೆಂದು ಬೆರಗಾಗುವವರು ಪುಣೆಯ ರಂಗಭೂಮಿಯ ಚರಿತ್ರೆಯನ್ನು ಒಮ್ಮೆ ಅವಲೋಕಿಸಬೇಕು.

ಆ ಚರಿತ್ರೆಯ ಮೂಲದಲ್ಲಿ ಕನ್ನಡನಾಡಿನ ಪಾಲು ಅಲ್ಪವೇನಲ್ಲ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳದವರು ಸಾಂಗ್ಲಿಯ ಅರಸರ ಸನ್ನಿಧಿಯಲ್ಲಿ ತೋರಿದ ಆಟವೇ ವಿಷ್ಣುದಾಸ ಭಾವೆಯವರ 1843ರ ‘ಸೀತಾಸ್ವಯಂವರ’ಕ್ಕೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧ ಸಂಗತಿ. ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಬಲವಂತ ಪಾಂಡುರಂಗ ಕಿರ್ಲೋಸ್ಕರರು, ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡುವ ಪ್ರದೇಶದಲ್ಲಿ ಬೆಳೆದವರಾಗಿ, ಎರಡು ನಾಡುಗಳ ಧಾಟಿಗಳನ್ನೂ ಕಿವಿಯಲ್ಲಿ ತುಂಬಿಕೊಂಡಿದ್ದರು. ಪುಣೆಗೆ ಬಂದ ಪಾರಸಿ ಕಂಪನಿಯೊಂದರ ‘ಇಂದ್ರಸಭಾ’ ನಾಟಕವನ್ನು ನೋಡಿದ ಮೇಲೆ, ಇಂಥದೊಂದು ಗೀತರೂಪಕವು ಮರಾಠಿಯಲ್ಲಿ ಏಕಾಗಬಾರದೆಂಬ ಆಕಾಂಕ್ಷೆ ಅವರಲ್ಲಿ ಅಂಕುರಿಸಿತಂತೆ. ಅದರ ಫಲವಾಗಿ 1880ನೆಯ ಅಕ್ಟೋಬರ್ 31ರಂದು ಬುಧವಾರ ಪೇಟೆಯ ಆನಂದೋದ್ಭವ ನಾಟಕಗೃಹದಲ್ಲಿ ‘ಸಂಗೀತ ಶಾಕುಂತಲ’ವು ರಂಗಕ್ಕೆ ಬಂದಿತು.

ಕಿರ್ಲೋಸ್ಕರರು ಸ್ವರಗಳನ್ನು ಹೊಸದಾಗಿ ಕಟ್ಟಲು ತೊಡಗಲಿಲ್ಲ. ಲಾವಣಿ, ಸಾಕಿ, ದಿಂಡಿ, ಕೀರ್ತನಕಾರರ ಪದ, ಕರ್ನಾಟಕದ ಧಾಟಿ, ಹೀಗೆ ಪ್ರೇಕ್ಷಕನು ಎಲ್ಲಿಯೋ ಕೇಳಿ ಮೆಚ್ಚಿದ್ದನ್ನೇ ತೆಗೆದುಕೊಂಡು, ಅದರಲ್ಲಿ ದುಷ್ಯಂತನ ವಿರಹವನ್ನೂ ಶಕುಂತಲೆಯ ಲಜ್ಜೆಯನ್ನೂ ತುಂಬಿದರು. 1882ರ ‘ಸೌಭದ್ರ’ದಲ್ಲಿಯೂ ಇದೇ ಮಾರ್ಗ. ಮುದ್ರಿತ ನಾಟಕಗಳಲ್ಲಿ ಪ್ರತಿ ಪದದ ತಲೆಯ ಮೇಲೆ ಅದು ಯಾವ ಪ್ರಸಿದ್ಧ ಹಾಡಿನ ಚಾಲಿನಲ್ಲಿದೆಯೆಂಬುದನ್ನು ಸೂಚಿಸುವ ಪದ್ಧತಿ ಬೆಳೆಯಿತು. ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಆ ಮರಾಠಿ ಪದಗಳ ಮಟ್ಟುಗಳಿಗೆ ಕನ್ನಡದ ನುಡಿಯನ್ನು ಹೊಂದಿಸಿ ಹಾಡತೊಡಗಿದಾಗ, ಇಲ್ಲಿಂದ ಹೋದುದರಲ್ಲಿ ಕೆಲವಂಶ ಬಡ್ಡಿಸಹಿತವಾಗಿ ಹಿಂದಿರುಗಿದಂತಾಯಿತು. ಇಂಗ್ಲೆಂಡಿನಲ್ಲಿ ಜಾನ್ ಗೇ ಎಂಬ ಕವಿಯು 1728ರಲ್ಲಿ ‘ದ ಬೆಗ್ಗರ್ಸ್ ಆಪೆರಾ’ವನ್ನು ರಚಿಸಿದಾಗಲೂ ಮಾಡಿದ್ದು ಇದನ್ನೇ: ಬೀದಿಯಲ್ಲಿ ಬಳಕೆಯಲ್ಲಿದ್ದ 69 ಹಾಡುಗಳ ಧಾಟಿಗೆ ಕಳ್ಳರ, ಕಾರಾಗೃಹದ ಕಥೆಯನ್ನು ಹೊಂದಿಸಿ, ಅರಮನೆಯ ಸಂಗೀತನಾಟಕವನ್ನೂ ರಾಜ್ಯಭಾರ ಮಾಡುವವರನ್ನೂ ಒಟ್ಟಿಗೆ ಅಪಹಾಸ್ಯ ಮಾಡಿದನು.

ಪೇಟೆಯ ರಸಿಕರು ನಾಟ್ಯಪದಗಳಲ್ಲಿ ಮೈಮರೆತಿದ್ದ ಕಾಲದ ಉತ್ತರಾರ್ಧದಲ್ಲಿ ಕ್ಯಾಂಪಿನವರು ಚಿತ್ರಮಂದಿರಗಳ ಮುಂದೆ ಸಾಲುನಿಲ್ಲತೊಡಗಿದರು. ಕ್ಯಾಪಿಟಲ್, ವೆಸ್ಟ್ ಎಂಡ್, ಎಂಪೈರ್ ಮೊದಲಾದ ಮಂದಿರಗಳು ಗೋರಾ ಸಿಪಾಯಿಗಳಿಗೂ ಅಧಿಕಾರಿಗಳಿಗೂ ವಿಲಾಯತಿಯ ಸ್ಮರಣೆಯನ್ನು ಹಸಿರಾಗಿಡುವ ಸ್ಥಾನಗಳಾಗಿದ್ದುವು. ಆ ವಿನೋದವು ನಿರಪಾಯವಾದುದೇನೂ ಆಗಿರಲಿಲ್ಲ. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಉರಿ ಇನ್ನೂ ಆರದಿದ್ದಾಗ, 1943ನೆಯ ಜನವರಿ 24ರಂದು, ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಕ್ರಾಂತಿಕಾರಿಗಳಿಟ್ಟ ಬಾಂಬು ಸಿಡಿದು ಆಂಗ್ಲ ಸೈನಿಕರು ಹತರಾದರು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಭಾಸ್ಕರ ಕರ್ಣಿಕರು, ಸೆರೆಸಿಕ್ಕ ಮೇಲೆ ಸಹಚರರ ಹೆಸರು ಹೊರಬೀಳಬಾರದೆಂದು ವಿಷಸೇವಿಸಿ ಪ್ರಾಣತ್ಯಾಗ ಮಾಡಿದರು. ಮುಂದೆ ಆ ಚಿತ್ರಮಂದಿರವು ವಿಕ್ಟರಿ ಎಂಬ ಹೆಸರನ್ನು ಧರಿಸಿ ಬಾಳಿತು. ಸಿಪಾಯಿಗಳು ಸ್ವದೇಶಕ್ಕೆ ತೆರಳಿದರೂ ಇಂಗ್ಲಿಷ್ ಚಿತ್ರಗಳು ತೆರಳಲಿಲ್ಲ. ಕ್ಯಾಂಪಿನ ಪಾರಸಿ ಮತ್ತು ಕ್ರೈಸ್ತ ಕುಟುಂಬಗಳು, ಕಾಲೇಜುಗಳ ತರುಣರು ಆ ಆಸನಗಳನ್ನು ತುಂಬಿದರು.

ಇದೇ ಹೊತ್ತಿಗೆ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಎಂಬ ಗಾನಶೈಲಿ ತಲೆಯೆತ್ತಿತು. ಬಿಲ್ ಹೇಲಿ ಎಂಬಾತನು 1954ರ ಏಪ್ರಿಲಿನಲ್ಲಿ ಧ್ವನಿಮುದ್ರಿಸಿದ ‘ರಾಕ್ ಅರೌಂಡ್ ದ ಕ್ಲಾಕ್’ ಗೀತೆಯು ಮೊದಲಿಗೆ ವಿಶೇಷ ಪ್ರಚಾರ ಪಡೆಯದಿದ್ದರೂ, ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರದ ಆರಂಭದಲ್ಲಿ ಮೊಳಗಿದ್ದೇ ತಡ, ಜನಪ್ರಿಯತೆಯ ಶಿಖರವನ್ನೇರಿತು. ಲಾಭದ ವಾಸನೆ ಹಿಡಿದ ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್ ಆ ಗೀತೆಯ ಹೆಸರನ್ನೇ ಚಿತ್ರಕ್ಕಿಟ್ಟು, ಹೇಲಿಯ ತಂಡವನ್ನೂ ಪ್ಲ್ಯಾಟರ್ಸ್ ಎಂಬ ಗಾಯಕವೃಂದವನ್ನೂ ಒಟ್ಟುಗೂಡಿಸಿ 1956ರಲ್ಲಿ ಬಿಡುಗಡೆ ಮಾಡಿದನು. ಪ್ರಖ್ಯಾತ ರಾಕ್ ಗೀತೆಗಳೇ ಆಧಾರಸ್ತಂಭಗಳಾದ ಚಿತ್ರಗಳ ವಂಶವು ಇಲ್ಲಿಂದ ಮೊದಲಾಯಿತೆನ್ನಬಹುದು. ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ ತರುಣರು ಸಾಲುಗಳ ನಡುವೆ ಕುಣಿದು ಕುರ್ಚಿಗಳನ್ನು ಕಿತ್ತೊಗೆಯಲು, ಹಲವು ನಗರಸಭೆಗಳು ಅದರ ಪ್ರದರ್ಶನವನ್ನೇ ನಿಷೇಧಿಸಿದವು. ಇಷ್ಟೆಲ್ಲ ಕೋಲಾಹಲವೆಬ್ಬಿಸಿದ ಚಿತ್ರದಲ್ಲಿ ಕಥೆಯೆಂಬುದು ನಾಮಮಾತ್ರಕ್ಕಿತ್ತು. ಒಂದು ಹಾಡು ಮುಗಿದು ಇನ್ನೊಂದು ತೊಡಗುವವರೆಗೆ ಕಾಲ ಕಳೆಯಲು ಮಾತ್ರವೇ ಅದು ಉಪಯುಕ್ತವಾಗಿತ್ತು.

ಆ ಅಲೆ ಪುಣೆಯ ಸುತ್ತಲಿನ ಗಿರಿಗಳನ್ನೂ ಮುಟ್ಟಿತು. ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಓದುತ್ತಿದ್ದ ಫಾರುಖ್ ಬುಲ್ಸಾರಾ ಎಂಬ ಪಾರಸಿ ಬಾಲಕನು 1958ರ ಸುಮಾರಿಗೆ ಸಹಪಾಠಿಗಳೊಂದಿಗೆ ‘ದ ಹೆಕ್ಟಿಕ್ಸ್’ ಎಂಬ ವಾದ್ಯವೃಂದವನ್ನು ಕಟ್ಟಿ, ಪರದೇಶದ ರಾಕ್ ಗೀತೆಗಳನ್ನು ಶಾಲೆಯ ಸಭೆಗಳಲ್ಲಿ ನುಡಿಸಿದನು. ಆತನೇ ಮುಂದೆ ಫ್ರೆಡ್ಡಿ ಮರ್ಕ್ಯುರಿಯಾಗಿ ವಿಶ್ವವಿಖ್ಯಾತನಾದನು. ಆತನ ತಂಡದ ಗೀತೆಗಳನ್ನೇ ಪೋಣಿಸಿದ ‘ವಿ ವಿಲ್ ರಾಕ್ ಯು’ ಎಂಬ ನಾಟಕವು 2002ರಿಂದ 2014ರವರೆಗೆ ಲಂಡನ್ನಿನಲ್ಲಿ ನಡೆಯಿತು.

ಹಿಂದಿಯ ಚಿತ್ರಗಳೂ ಸುಮ್ಮನಿರಲಿಲ್ಲ. ಬೀಟಲ್ಸ್ ತಂಡದವರ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ ಎಂಬ 1963ರ ಗೀತೆಯ ಧಾಟಿಯು ಎರಡೇ ವರ್ಷಗಳಲ್ಲಿ ‘ಜಾನ್ವರ್’ ಚಿತ್ರದಲ್ಲಿ ಹಿಂದಿಯ ನುಡಿಯನ್ನು ಧರಿಸಿ ಕುಣಿಯಿತು. ಅದೇ ಗೀತೆಯನ್ನು ಜೂಲಿ ಟೇಮರ್ ತಮ್ಮ 2007ರ ‘ಅಕ್ರಾಸ್ ದ ಯೂನಿವರ್ಸ್’ ಚಿತ್ರದಲ್ಲಿ, ತನ್ನ ಗೆಳತಿಯ ಮೇಲಿನ ಪ್ರೇಮವನ್ನು ಬಾಯಿಬಿಟ್ಟು ಹೇಳಲಾರದ ಹುಡುಗಿಯೊಬ್ಬಳ ಬಾಯಲ್ಲಿ ಹಾಡಿಸಿದರು. ಹುಡುಗರ ಉಲ್ಲಾಸವಾಗಿದ್ದ ಹಾಡು, ಗತಿ ತಗ್ಗಿದೊಡನೆ, ಮೂಕವೇದನೆಯಾಗಿ ಪರಿಣಮಿಸಿತು. ಬೀಟಲ್ಸ್ ತಂಡದ 33 ರಚನೆಗಳನ್ನು ಬಳಸಿದ ಆ ಚಿತ್ರದಲ್ಲಿ ವಿಯೆಟ್ನಾಮ್ ಯುದ್ಧಕ್ಕೆ ತರುಣರನ್ನು ಬಲವಂತದಿಂದ ಆರಿಸಿಕೊಳ್ಳುವ ಸನ್ನಿವೇಶಕ್ಕೂ ಒಂದು ಪ್ರಣಯಗೀತೆಯೇ ಒದಗಿತು. ಇದೇ ತಂಡದ ಗೀತೆಗಳನ್ನು ಬಳಸಿದ 1978ರ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಚಿತ್ರವಾದರೋ, ಬೀ ಜೀಸ್ ತಂಡದಂತಹ ಹೆಸರಾಂತ ಗಾಯಕರಿದ್ದೂ ಸೋತಿತು. ಬಂಡವಾಳವು ಎರಡಕ್ಕೂ ಒಂದೇ, ಭೇದವಿದ್ದುದು ಕಥನದಲ್ಲಿ.

ಪ್ರಸಿದ್ಧವಾದ ಹಾಡು ಪ್ರೇಕ್ಷಕನ ಹೃದಯದ ಬಾಗಿಲನ್ನು ಅನಾಯಾಸವಾಗಿ ತೆರೆಯುತ್ತದೆ. ತೆರೆದ ಬಾಗಿಲಿನಿಂದ ಒಳಕ್ಕೆ ಏನನ್ನು ಒಯ್ಯುವೆವೆಂಬುದರ ಹೊಣೆ ಕಥೆಗಾರನದು. ಕಿರ್ಲೋಸ್ಕರರು ಲಾವಣಿಯ ಧಾಟಿಯಲ್ಲಿ ಕಾಳಿದಾಸನನ್ನು ಒಯ್ದರು, ಟೇಮರ್ ಒಂದು ತಲೆಮಾರಿನ ಯುದ್ಧದ ಗಾಯವನ್ನು ಒಯ್ದರು, ಕಾಟ್ಜ್‌ಮನ್ ಬರಿಗೈಯಲ್ಲಿ ಹೋಗಿ ಹಣದೊಂದಿಗೆ ಮರಳಿದನು. ಎರವಲು ಧಾಟಿಯನ್ನು ಅಪಕೃಷ್ಟವೆಂದು ಹೀಗಳೆಯುವ ವಿಮರ್ಶಕರು ಮರಾಠಿ ಸಂಗೀತ ರಂಗಭೂಮಿಯು ಅಂಥ ಧಾಟಿಗಳ ಮೇಲೆಯೇ ಎದ್ದುನಿಂತಿತೆಂಬುದನ್ನು ಮರೆಯಬಾರದು. ಪರಿಚಿತವಾದ ಹಾಡನ್ನು ಅಪರಿಚಿತವಾದ ಅರ್ಥಕ್ಕೆ ಏರಿಸಿದ ಕೃತಿ ಉಳಿಯುತ್ತದೆ. ಹಾಡಿನ ಕೀರ್ತಿಯನ್ನೇ ಉಂಡು ಬದುಕಿದ ಕೃತಿಯು, ಪೇಟೆಯ ನಾಟಕಗೃಹದ್ದಾಗಲಿ ಕ್ಯಾಂಪಿನ ಚಿತ್ರಮಂದಿರದ್ದಾಗಲಿ, ಹಾಡು ಹಳತಾದ ದಿನವೇ ಹಳತಾಗುತ್ತದೆ.