ಗೊಮ್ಮಟಸಾರದ ಇಪ್ಪತ್ತೊಂಬತ್ತು ಅಂಕಿಗಳ ಮಹಾಸಂಖ್ಯೆ

ಜೀವರಾಶಿಗಳ ಪ್ರಮಾಣವನ್ನೂ ಲೋಕದ ವಿಸ್ತಾರವನ್ನೂ ನಿರೂಪಿಸಹೊರಟ ಜೈನಾಚಾರ್ಯರಿಗೆ ಗಣಿತವು ಸಿದ್ಧಾಂತದ ಅಂಗವೇ ಆಗಿತ್ತು. ಅವರು ಬಳಸಿದ ಮಹಾಸಂಖ್ಯೆಗಳಲ್ಲೊಂದು ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿದೆ. ಕ್ರಿ.ಶ. 10ನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಈ ಆಚಾರ್ಯರು ಗಂಗರ ಮಂತ್ರಿ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದವರು. ಗೊಮ್ಮಟನೆಂಬುದು ಚಾವುಂಡರಾಯನದೇ ಇನ್ನೊಂದು ಹೆಸರು.

ಆ ಗ್ರಂಥದ ಜೀವಕಾಂಡವು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಐದನೆಯ ವರ್ಗದ ಘನವೆಂದು ಹೇಳುತ್ತದೆ. 2ರಿಂದ ಮೊದಲ್ಗೊಂಡು ವರ್ಗಿಸುತ್ತ ಹೋದರೆ 4, 16, 256 ಬರುತ್ತವೆ. ನಾಲ್ಕನೆಯ ವರ್ಗ 65536, ಐದನೆಯದು 4294967296. ಕಡೆಯ ಈ ಎರಡಕ್ಕೆ ಪ್ರಾಕೃತದಲ್ಲಿ ಪಣ್ಣಟ್ಠಿ, ಬಾದಾಲ ಎಂಬ ಹೆಸರುಗಳುಂಟು. ಬಾದಾಲವನ್ನು ಮೂರು ಸಲ ಇಟ್ಟು ಪರಸ್ಪರ ಗುಣಿಸಿದರೆ ದೊರೆಯುವ ಫಲ 79228162514264337593543950336.

ಇಪ್ಪತ್ತೊಂಬತ್ತು ಸ್ಥಾನಗಳ ಈ ಸಂಖ್ಯೆಯನ್ನು ಓಲೆಗರಿಯ ಮೇಲೆ ಪ್ರತಿಮಾಡುವಾಗ ಒಂದು ಅಂಕಿ ತಪ್ಪಿದರೂ ಅರ್ಥ ಕೆಡುವುದು. ಅಂಕಿಗಳ ಸಾಲು ನೆನಪಿನಲ್ಲಿ ನಿಲ್ಲುವುದೂ ಕಷ್ಟ. ಗೊಮ್ಮಟಸಾರದ ಮುಂದಿನ ಗಾಥೆಯಲ್ಲಿಯೇ ಇದಕ್ಕೆ ಪರಿಹಾರವಿದೆ. ಅಲ್ಲಿ ಕಟಪಯಾದಿ ಕ್ರಮದಂತೆ ಪ್ರತಿ ಅಂಕಿಗೂ ಒಂದು ಅಕ್ಷರವನ್ನಿಟ್ಟು ಪದ್ಯವನ್ನು ಹೆಣೆಯಲಾಗಿದೆ. ತಕಾರಕ್ಕೆ 6, ಲಕಾರಕ್ಕೆ 3, ನಕಾರಕ್ಕೆ 0, ಸ್ವರಗಳಿಗೆ ಬೆಲೆಯಿಲ್ಲ. ಏಕಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆಯುತ್ತ ಹೋದರೆ ಕಡೆಯ ಝಕಾರ, ಸಕಾರಗಳು 9, 7 ಆಗಿ ಸಂಖ್ಯೆ ಪೂರ್ಣಗೊಳ್ಳುತ್ತದೆ.

ಸಂಖ್ಯೆಯ ಸ್ವರೂಪದಲ್ಲಿಯೇ ಇನ್ನೊಂದು ರಕ್ಷೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದಕ್ಕೆ ಅರ್ಧಚ್ಛೇದವೆಂದು ಹೆಸರು. ಕ್ರಿ.ಶ. 816ರಲ್ಲಿ ಧವಳಾ ಟೀಕೆಯನ್ನು ಮುಗಿಸಿದ ವೀರಸೇನಾಚಾರ್ಯರು ಇದರ ನಿಯಮಗಳನ್ನು ವಿಶದವಾಗಿ ಬಳಸಿದ್ದಾರೆ. ಬಾದಾಲದ ಅರ್ಧಚ್ಛೇದ 32. ಅದರ ಘನಕ್ಕೆ ಮೂರರಷ್ಟು, ಎಂದರೆ 96. ಈ ಸಂಖ್ಯೆಯನ್ನು 96 ಬಾರಿ ಅರ್ಧಿಸಿದರೆ ಶೇಷವಿಲ್ಲದೆ 1 ಉಳಿಯುತ್ತದೆ. 2ರ ಹೊರತು ಬೇರೆ ಅವಿಭಾಜ್ಯ ಸಂಖ್ಯೆ ಇದನ್ನು ಭಾಗಿಸದು. ಇದು ಘನವೂ ಹೌದು, 281474976710656ರ ವರ್ಗವೂ ಹೌದು. ಲಿಪಿಕಾರನ ಕೈಯಲ್ಲಿ ಒಂದೇ ಅಂಕಿ ಬದಲಾದರೂ 96 ಬಾರಿ ಅರ್ಧಿಸಿ 1ನ್ನು ಮುಟ್ಟುವುದು ಅಸಾಧ್ಯ. ಹೀಗೆ ಪಾಠದ ಶುದ್ಧಿಗೆ ಗಣಿತವೇ ಸಾಕ್ಷಿಯಾಗುತ್ತದೆ.

ಕ್ರಿ.ಶ. 1359ರಲ್ಲಿ ಕೇಶವಣ್ಣನು ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ರಚಿಸಿ ಈ ವಿದ್ಯೆಯನ್ನು ನಾಡನುಡಿಗೆ ತಂದನು. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಕೊಡುವ ಉತ್ತರಕ್ಕೂ ಆ ಪ್ರಾಚೀನ ಗಾಥೆಯ ಅಕ್ಷರಗಳಿಗೂ ಒಂದಂಕಿಯ ಅಂತರವೂ ಇಲ್ಲ. ಶಿಲೆಯಲ್ಲಿ ನಿಂತ ಗೊಮ್ಮಟನಂತೆ, ಅಕ್ಷರದಲ್ಲಿ ನಿಂತ ಈ ಸಂಖ್ಯೆಯೂ ಸಾವಿರ ವರ್ಷಗಳಿಂದ ಅಚಲವಾಗಿದೆ. ಅದನ್ನು ಹಾಗೆ ಕಾಪಾಡಿದವರು ಓದಿ, ಎಣಿಸಿ, ಪ್ರತಿಮಾಡಿ ಮುಂದಿನವರಿಗೆ ಒಪ್ಪಿಸಿದ ಶ್ರಾವಕರು ಮತ್ತು ಮುನಿಗಳು.